₹1,499ಕ್ಕೆ ವಿಮಾನ: ಹೋಗೋದು ಹೇಳ್ತಾರೆ, ಬರೋದು ಹೇಳಲ್ಲ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕಿಕೊಂಡು ಬಸ್ಸಲ್ಲಿ ಕೂತವರಿಗೆ, ಪಿಜಿ ರೂಮಲ್ಲಿ ಮಲಗಿಕೊಂಡು ಕೇಳ್ತಿರೋರಿಗೆ, ಹೊಲದ ಬದುವಿನ ಮೇಲೆ ಸಿಗ್ನಲ್ ಹುಡುಕಿ ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ಕಂತು ನಮ್ಮ ಮನೆಯಿಂದಲೇ ಶುರುವಾಗುತ್ತೆ. ನನ್ನ ಊರು ದೇವಣಗಾಂವ, ಸಿಂದಗಿ ಕಡೆ, ಭೀಮಾ ನದಿ ದಂಡೆ ಮೇಲಿದೆ. ಹೋದ ವರ್ಷ ಒಂದು ಸಂಜೆ ನಮ್ಮ ಕಾಕಾ ಫೋನ್ ಹಿಡ್ಕೊಂಡು ಬಂದ್ರು. ಯಾವುದೋ ರೀಲ್ ನೋಡ್ತಿದ್ದಾಗ ನಡುವೆ ಒಂದು ಜಾಹೀರಾತು ಬಂದಿತ್ತು. ನೀಲಿ ಆಕಾಶ, ಬಿಳಿ ವಿಮಾನ, ದೊಡ್ಡ ಅಕ್ಷರದಲ್ಲಿ "ಬೆಂಗಳೂರು ₹1,499 ರಿಂದ".

"ತಮ್ಮಾ, ಸಾವಿರದ ಐನೂರಕ್ಕ ಇಮಾನ ಐತಂತಲ್ಲೋ! ಸ್ಲೀಪರ್ ಬಸ್ಸಿಗೇ ಅಷ್ಟ್ ಆಗತೈತಿ. ನಿಮ್ಮ ಕಾಕೂನ ಇದರಾಗ ಕರ್ಕೊಂಡು ಹೋಗೂಣು."

ಕಾಕೂಗೆ ಹೃದಯದ ತೊಂದರೆ ಇದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ತಪಾಸಣೆಗೆ ತಾರೀಖು ಸಿಕ್ಕಿತ್ತು. ರಾತ್ರಿಯಿಡೀ ಬಸ್ಸಿನ ಪ್ರಯಾಣ ಅವರಿಗೆ ಆಗಲ್ಲ, ಕಾಲು ಬಾತುಕೊಳ್ತಾವೆ. ಕಾಕಾ ತೊಗರಿ ಮಾರಿದ ದುಡ್ಡಲ್ಲಿ ಔಷಧಿಗೆ ಅಂತ ಒಂದಿಷ್ಟು ಎತ್ತಿಟ್ಟಿದ್ರು. ಮನೆಯಲ್ಲಿ ಬಿಕಾಂ ಓದಿದವನು ನಾನೊಬ್ಬನೇ. ಹಾಗಾಗಿ ಟಿಕೆಟ್ ಬುಕ್ ಮಾಡೋ ಕೆಲಸ ನನಗೆ ಬಂತು. "ಪೇ" ಅನ್ನೋ ಬಟನ್ ಒತ್ತಿದ್ದು ನಾನೇ.

ಐದು ಸ್ಕ್ರೀನು, ಐದು ದರ

ಯಾವ ಆ್ಯಪ್, ಯಾವ ವಿಮಾನ ಕಂಪನಿ ಅಂತ ನಾನು ಹೇಳಲ್ಲ. ಯಾವ ಏರ್‌ಪೋರ್ಟ್ ಅಂತಾನೂ ಹೇಳಲ್ಲ. ನಮ್ಮ ಕಡೆ ಎಷ್ಟೋ ರೂಟಿಗೆ ಒಂದೋ ಎರಡೋ ಕಂಪನಿ ಮಾತ್ರ ಇರೋದು, ಏರ್‌ಪೋರ್ಟ್ ಹೇಳಿದ್ರೆ ಕಂಪನಿ ಹೆಸರು ಹೇಳಿದ ಹಾಗೇ. ಲೆಕ್ಕ ಮಾತ್ರ ಪೈಸೆ ಬಿಡದೆ ಹೇಳ್ತೀನಿ.

ಮೊದಲ ಸ್ಕ್ರೀನ್: ಜಾಹೀರಾತಿನ ₹1,499. ಒತ್ತಿದ್ರೆ ಕ್ಯಾಲೆಂಡರ್ ಬಂತು. ಆ ದರ ಇದ್ದದ್ದು ಎರಡು ತಿಂಗಳ ಆಚೆಗಿನ ಒಂದು ಮಂಗಳವಾರಕ್ಕೆ. ನಮಗೆ ಬೇಕಾದ ದಿನ, ಅಂದ್ರೆ 12 ದಿನ ಬಿಟ್ಟು, ಒಬ್ಬರಿಗೆ ₹2,649. ಕಾಕಾ, ಕಾಕೂ, ನಾನು, ಮೂರು ಜನ. ₹7,947 ಆಯ್ತು.

ಎರಡನೇ ಸ್ಕ್ರೀನ್: ಪ್ರಯಾಣ ವಿಮೆ. ಟಿಕ್ ಮೊದಲೇ ಬಿದ್ದಿತ್ತು. ತಲೆಗೆ ₹199, ಮೂವರಿಗೆ ₹597. ನಾನು ನೋಡಲೇ ಇಲ್ಲ.

ಮೂರನೇ ಸ್ಕ್ರೀನ್: ಸೀಟು ಆರಿಸಿ. ವಿಮಾನದ ಚಿತ್ರ ತುಂಬಾ ಬಣ್ಣ ಬಣ್ಣದ ಚೌಕಗಳು, ಕೆಳಗೆ "ಮುಂದುವರಿಯಿರಿ" ಬಟನ್. "ಬಿಟ್ಟುಬಿಡಿ" ಅನ್ನೋದು ಮೂಲೆಯಲ್ಲಿ ಬೂದು ಬಣ್ಣದಲ್ಲಿತ್ತು ಅಂತ ನನಗೆ ಆಮೇಲೆ ಗೊತ್ತಾಯ್ತು. ಸೀಟು ಆರಿಸೋದು ಕಡ್ಡಾಯ ಅಂದ್ಕೊಂಡು ₹250ರ ಮೂರು ಸೀಟು ತಗೊಂಡೆ. ₹750.

ನಾಲ್ಕನೇ ಸ್ಕ್ರೀನ್: "ಈ ದರದಲ್ಲಿ 2 ಸೀಟು ಮಾತ್ರ ಉಳಿದಿವೆ", ಜೊತೆಗೆ ಓಡ್ತಿರೋ ಗಡಿಯಾರ. ಕೈ ನಡುಗೋದು ಇಲ್ಲೇ.

ಐದನೇ ಸ್ಕ್ರೀನ್: ದುಡ್ಡು ಕಟ್ಟೋ ಜಾಗ. ಅಲ್ಲಿ ಹೊಸದಾಗಿ ಕನ್ವೀನಿಯೆನ್ಸ್ ಫೀ, ತಲೆಗೆ ₹350. ₹1,050.

ಒಟ್ಟು ₹10,344. ಕಾಕಾ ಮನಸ್ಸಲ್ಲಿ ಇಟ್ಟುಕೊಂಡಿದ್ದ ಲೆಕ್ಕ 1,499 ಗುಣಿಸು 3, ಅಂದ್ರೆ ₹4,497. ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಅದರ ಮೇಲೆ ಊರಿಂದ ಏರ್‌ಪೋರ್ಟಿಗೆ ಬಾಡಿಗೆ ಕಾರು ₹3,500, ಬೆಂಗಳೂರಲ್ಲಿ ಇಳಿದು ಆಸ್ಪತ್ರೆ ಹತ್ತಿರದ ಲಾಡ್ಜಿಗೆ ಟ್ಯಾಕ್ಸಿ ₹1,400. ಎಲ್ಲ ಸೇರಿ ₹15,244. ತಲೆಗೆ ₹5,081.

ಕಾರು, ಟ್ಯಾಕ್ಸಿಗೆ ಜಾಹೀರಾತಿನವರು ಹೊಣೆ ಅಲ್ಲ, ಒಪ್ತೀನಿ. ಅದು ನಾನು ಮೊದಲೇ ಹಾಕಬೇಕಿದ್ದ ಲೆಕ್ಕ. ಆದ್ರೆ ನಿಜವಾದ ಪೆಟ್ಟು ಬಿದ್ದದ್ದು ಬರುವಾಗ. ಡಾಕ್ಟರ್ ಒಂದು ಪರೀಕ್ಷೆಗೆ ಇನ್ನೂ ಎರಡು ದಿನ ಇರಿ ಅಂದ್ರು. ಹಾಗಾಗಿ ವಾಪಸ್ ಟಿಕೆಟ್ ಮೊದಲೇ ತೆಗೆಸಿರಲಿಲ್ಲ. ಹೊರಡೋ ಹಿಂದಿನ ದಿನ ನೋಡಿದ್ರೆ ಅದೇ ರೂಟು, ಅದೇ ಗಾತ್ರದ ವಿಮಾನ, ಒಬ್ಬರಿಗೆ ₹6,900. ಮೂವರಿಗೆ ₹20,700.

ಕಾಕಾ ಫೋನ್ ನೋಡಿದ್ರು, ನನ್ನ ಮುಖ ನೋಡಿದ್ರು. ಬೈಲಿಲ್ಲ. ಇಷ್ಟೇ ಅಂದ್ರು: "ಹೋಗೂದು ಅಷ್ಟ ಹೇಳ್ಯಾರಲ್ಲೋ ತಮ್ಮಾ, ಬರೂದು ಹೇಳೇ ಇಲ್ಲ."

ಯಾವ ಪ್ರಯಾಣ ತಪ್ಪಿಸಬೇಕು ಅಂತ ವಿಮಾನ ಹತ್ತಿಸಿದ್ವೋ, ಅದೇ ರಾತ್ರಿ ಬಸ್ಸಲ್ಲಿ ಕಾಕೂನ ವಾಪಸ್ ಕರ್ಕೊಂಡು ಬಂದ್ವಿ. ಬೆಳಿಗ್ಗೆ ಸಿಂದಗಿಯಲ್ಲಿ ಇಳಿದಾಗ ಅವರ ಕಾಲು ಚಪ್ಪಲಿಯಲ್ಲಿ ಹಿಡಿಸ್ತಿರಲಿಲ್ಲ.

ಅವತ್ತಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೀತಿತ್ತು. ₹1,499 ಅನ್ನೋದು ಸುಳ್ಳಾ? ಸುಳ್ಳಲ್ಲದಿದ್ರೆ ಏನು? ಸ್ವಲ್ಪ ಓದಿದೆ, ಅದನ್ನೇ ಈಗ ಹೇಳ್ತೀನಿ.

ಒಂದು ರೂಪಾಯಿ ಟಿಕೆಟ್ ಹುಟ್ಟಿದ್ದು ಕರ್ನಾಟಕದಲ್ಲೇ

ನಮ್ಮ ದೇಶದಲ್ಲಿ ಅಗ್ಗದ ವಿಮಾನ ಟಿಕೆಟ್ ಅಂದ ಕೂಡಲೇ ಬರೋ ಹೆಸರು ಕ್ಯಾಪ್ಟನ್ ಗೋಪಿನಾಥ್, ಹಾಸನ ಜಿಲ್ಲೆ ಗೊರೂರಿನವರು. ಸೂರ್ಯ ಅವರ "ಸೂರರೈ ಪೋಟ್ರು" ಸಿನಿಮಾ ನೋಡಿದೀರಲ್ಲ, ಅದಕ್ಕೆ ಇವರ ಬದುಕೇ ಪ್ರೇರಣೆ. ಸೈನ್ಯದಲ್ಲಿದ್ದು, ಆಮೇಲೆ ಬೇಸಾಯ ಮಾಡಿ, 2003ರಲ್ಲಿ ಬೆಂಗಳೂರಿಂದ ಏರ್ ಡೆಕ್ಕನ್ ಶುರು ಮಾಡಿದ್ರು. ಮೊದಮೊದಲು ಹಾರಿದ ರೂಟುಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು.

ಏರ್ ಡೆಕ್ಕನ್ ಒಂದು ರೂಪಾಯಿ ಟಿಕೆಟ್ ಮಾರ್ತು. ಅದು ಬರೀ ಪೋಸ್ಟರ್ ಆಗಿರಲಿಲ್ಲ, ನಿಜವಾಗ್ಲೂ ಜನ ಆ ಟಿಕೆಟ್ ತಗೊಂಡು ಹಾರಿದ್ರು. ಆದ್ರೆ ಒಂದು ವಿಮಾನದಲ್ಲಿ ಅಂಥ ಸೀಟು ಕೆಲವೇ. ಮೊದಲು ಬುಕ್ ಮಾಡಿದವರಿಗೆ ಅಗ್ಗ, ತಡವಾಗಿ ಬಂದವರಿಗೆ ದುಬಾರಿ, ತೆರಿಗೆ ಬೇರೆ. ಕಂಪನಿ ಆಮೇಲೆ ವಿಜಯ್ ಮಲ್ಯರ ಕಿಂಗ್‌ಫಿಷರ್ ಜೊತೆ ಸೇರಿತು, ಆ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದು ಮತ್ತೆ ಹಾರಲಿಲ್ಲ. ಉಳಿದದ್ದು ಆ ಜಾಹೀರಾತಿನ ಶೈಲಿ: ಅತಿ ಕಡಿಮೆ ಸಂಖ್ಯೆ ದೊಡ್ಡದಾಗಿ, ಷರತ್ತು ಸಣ್ಣದಾಗಿ.

ಮುಂದಿನ ಕಥೆ 2014ರ ಏಪ್ರಿಲ್ 1ರದು. ಸ್ಪೈಸ್‌ಜೆಟ್ ₹1ರಿಂದ ಶುರು ಅಂತ ಸೇಲ್ ಘೋಷಿಸಿತು. ತಾರೀಖು ನೋಡಿ ಏಪ್ರಿಲ್ ಫೂಲ್ ಇರಬೇಕು ಅಂದ್ಕೊಂಡವರೂ ಇದ್ರು. ಆ ಒಂದು ರೂಪಾಯಿ ಮೂಲ ದರ ಮಾತ್ರ, ತೆರಿಗೆ ಮತ್ತು ಶುಲ್ಕ ಅದರ ಮೇಲೆ. ಮರುದಿನವೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಸಿಎ, ಸೇಲ್ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ನಮ್ಮ ದೇಶದಲ್ಲಿ ಅಗ್ಗದ ದರದ ಜಾಹೀರಾತಿಗೆ ಸರ್ಕಾರ ನೇರವಾಗಿ ಬ್ರೇಕ್ ಹಾಕಿದ ದೊಡ್ಡ ಉದಾಹರಣೆ ಅದು.

ಹಂಗಾದ್ರೆ ಸರ್ಕಾರ ದರ ನಿಗದಿ ಮಾಡಬಾರದಾ ಅಂತ ಕೇಳ್ತೀರಿ. 1994ರಲ್ಲಿ ಹಳೇ ಕಾಯ್ದೆ ರದ್ದಾದ ಮೇಲೆ ವಿಮಾನ ಕಂಪನಿಗಳು ತಮ್ಮ ದರ ತಾವೇ ಇಟ್ಟುಕೊಳ್ತವೆ. ಕೋವಿಡ್ ಹೊತ್ತಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ, ಸರ್ಕಾರ ಕನಿಷ್ಠ–ಗರಿಷ್ಠ ಮಿತಿ ಹಾಕಿತ್ತು. ಅಂಥ ವಿಶೇಷ ಹೊತ್ತು ಬಿಟ್ರೆ ದರ ಕಂಪನಿಯದೇ.

"ರಿಂದ" ಅನ್ನೋ ಎರಡಕ್ಷರ

ಈಗ ಲೆಕ್ಕಕ್ಕೆ ಬರೋಣ. 70 ಸೀಟಿನ ವಿಮಾನ ಅಂದ್ಕೊಳ್ಳಿ. ಸಂಖ್ಯೆಗಳು ನಾನು ಉದಾಹರಣೆಗೆ ಕಟ್ಟಿದ್ದು. ಕಂಪನಿ ಈ 70 ಸೀಟನ್ನ ಬುಟ್ಟಿಗಳಲ್ಲಿ ಹಾಕಿಡುತ್ತೆ. ಮೊದಲ ಬುಟ್ಟಿಯಲ್ಲಿ 5 ಸೀಟು, ₹1,499. ಎರಡನೇದರಲ್ಲಿ 10, ₹2,100. ಮುಂದಿನದು ₹2,800, ಹೀಗೇ ಕೊನೆಯ ಬುಟ್ಟಿ ₹7,000. ಒಂದು ಬುಟ್ಟಿ ಖಾಲಿ ಆದ್ರೆ ಮುಂದಿನ ಬುಟ್ಟಿ. ಹಬ್ಬ ಬಂದ್ರೆ ಮೊದಲ ಬುಟ್ಟಿ ಇಡೋದೇ ಇಲ್ಲ.

ಸಂತೆಯಲ್ಲಿ ನೋಡಿಲ್ವಾ, ರಾಶಿಯ ಮೇಲೆ ನಾಲ್ಕು ಒಳ್ಳೆ ಲಿಂಬೆಕಾಯಿ ಇಟ್ಟು ದರ ಕೂಗೋದು? ಜಾಹೀರಾತಲ್ಲಿ ಕೂಗೋದು ಆ ಮೊದಲ ಬುಟ್ಟಿಯ ದರ. "ರಿಂದ" ಅನ್ನೋ ಎರಡಕ್ಷರ ಇದ್ದದ್ದಕ್ಕೆ ಅದು ಪೂರ್ತಿ ಸುಳ್ಳಾಗಲ್ಲ. ಎಷ್ಟು ಸೀಟು ಆ ದರಕ್ಕೆ ಅಂತ ಹೇಳದೇ ಇರೋದಕ್ಕೆ ಪೂರ್ತಿ ನಿಜಾನೂ ಆಗಲ್ಲ.

ಇಲ್ಲಿ ಒಂದು ಉಪಯೋಗದ ಮಾತು. ಮೂರು ಜನಕ್ಕೆ ಒಟ್ಟಿಗೆ ಹುಡುಕಿದಾಗ, ಅಗ್ಗದ ಬುಟ್ಟಿಯಲ್ಲಿ ಎರಡೇ ಸೀಟು ಉಳಿದಿದ್ರೆ, ಸಾಮಾನ್ಯವಾಗಿ ಸಿಸ್ಟಮ್ ಮೂವರಿಗೂ ಮುಂದಿನ ಬುಟ್ಟಿಯ ದರ ತೋರಿಸುತ್ತೆ. ಮೊದಲು ಒಬ್ಬರಿಗೆ ಅಂತ ಹುಡುಕಿ ನೋಡಿ. ದರ ಕಡಿಮೆ ಕಂಡ್ರೆ ಎರಡು ಬುಕಿಂಗ್ ಆಗಿ ಒಡೆಯಬಹುದು. ಕನ್ವೀನಿಯೆನ್ಸ್ ಫೀ ಲೆಕ್ಕ ಹಾಕಿ ನೋಡ್ಕೊಂಡು ಮಾಡಿ ಅಷ್ಟೇ.

ಇನ್ನು ಟಿಕೆಟ್‌ನ ಹೊಟ್ಟೆಯೊಳಗೆ ಏನಿದೆ? ಮೂಲ ದರ. ಅದರ ಮೇಲೆ ಕೆಲವು ಸಲ ಇಂಧನ ಸರ್ಚಾರ್ಜ್. ಏರ್‌ಪೋರ್ಟಿನ ಬಳಕೆದಾರರ ಶುಲ್ಕ, ಅಂದ್ರೆ ಯುಡಿಎಫ್. ಭದ್ರತಾ ಶುಲ್ಕ. ಎಕಾನಮಿ ಟಿಕೆಟ್‌ಗೆ 5% ಜಿಎಸ್‌ಟಿ. 2024ರಲ್ಲಿ ಒಂದು ಟಿಕೆಟ್ ಫೋಟೋ ವೈರಲ್ ಆಗಿತ್ತು, ಅದರಲ್ಲಿ "ಕ್ಯೂಟ್ ಚಾರ್ಜ್ ₹50" ಅಂತ ಇತ್ತು. ಮುದ್ದಾಗಿ ಇರೋದಕ್ಕೂ ದುಡ್ಡಾ ಅಂತ ಎಲ್ಲರೂ ನಕ್ಕಿದ್ರು. ಅದು ಏರ್‌ಪೋರ್ಟಲ್ಲಿ ಎಲ್ಲ ಕಂಪನಿಗಳು ಹಂಚಿಕೊಂಡು ಬಳಸೋ ಚೆಕ್-ಇನ್ ಕಂಪ್ಯೂಟರ್ ವ್ಯವಸ್ಥೆಯ ಶುಲ್ಕ. ಜಾಹೀರಾತಿನ ಸಂಖ್ಯೆ ಮೂಲ ದರದ್ದೋ ಎಲ್ಲ ಸೇರಿದ್ದೋ ಅನ್ನೋದು ಮೊದಲ ಪ್ರಶ್ನೆ ಆಗಬೇಕು.

ಕಲಬುರಗಿ ಮತ್ತು ₹2,500

ನಮ್ಮ ಭಾಗದವರಿಗೆ ಇನ್ನೊಂದು ಸಂಖ್ಯೆ ನೆನಪಿರುತ್ತೆ: ₹2,500. ಉಡಾನ್ ಯೋಜನೆಯದು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ವಿಮಾನದಿಂದ ಶುರುವಾಯ್ತು. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅನ್ನೋ ಮಾತು ಆಗ ಎಲ್ಲ ಕಡೆ ಕೇಳಿಬಂತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ₹2,500 ಅಂತ ಪೇಪರಲ್ಲೆಲ್ಲ ಬಂತು. 2019ರ ನವೆಂಬರ್ 22ರಂದು ಕಲಬುರಗಿ ಏರ್‌ಪೋರ್ಟ್ ಉದ್ಘಾಟನೆ ಆದಾಗ, ನಮ್ಮೂರ ಚಹಾದಂಗಡಿಯಲ್ಲೂ ಇದೇ ಮಾತು. ಭೀಮಾ ದಾಟಿದ್ರೆ ಕಲಬುರಗಿ ಜಿಲ್ಲೆ. ವಿಮಾನ ನಮ್ಮ ಅಂಗಳಕ್ಕೇ ಬಂತು ಅನ್ನಿಸಿತ್ತು.

ಆದ್ರೆ ಆ ಮಿತಿ ವಿಮಾನದ ಅರ್ಧ ಸೀಟುಗಳಿಗೆ ಮಾತ್ರ ಅನ್ವಯ. ಉಳಿದ ಅರ್ಧಕ್ಕೆ ಮಾರುಕಟ್ಟೆ ದರ. ಮಿತಿಯ ದರವೂ ದೂರದ ಮೇಲೆ ಬದಲಾಗುತ್ತೆ, ಕಾಲಕಾಲಕ್ಕೆ ಪರಿಷ್ಕರಣೆಯೂ ಆಗುತ್ತೆ. ಅಗ್ಗಕ್ಕೆ ಮಾರಿದ್ದರ ನಷ್ಟ ತುಂಬೋಕೆ ಸರ್ಕಾರ ಕಂಪನಿಗೆ ಕೊಡೋ ಸಹಾಯಧನ ಸಾಮಾನ್ಯವಾಗಿ ಮೂರು ವರ್ಷಕ್ಕೆ. ಆಮೇಲೆ ಆ ರೂಟು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಇದರಲ್ಲಿ ಗುಟ್ಟು ಏನೂ ಇಲ್ಲ, ಯೋಜನೆಯ ಕಾಗದದಲ್ಲೇ ಇದೆ. ಆದ್ರೆ ಬ್ಯಾನರಲ್ಲಿ ಬಂದದ್ದು ₹2,500 ಮಾತ್ರ. ಯೋಜನೆ ಒಳ್ಳೇದೇ. ಅರ್ಧ ಸೀಟಿನ ವಿಷಯ ಅರ್ಧ ಜನಕ್ಕೂ ತಲುಪಲಿಲ್ಲ.

ಇದು ಹಳೇ ವಿಷಯ ಅಂತ ಬಿಡಬೇಡಿ. ವಿಜಯಪುರದ ಬುರಣಾಪುರ ಹತ್ತಿರದ ಏರ್‌ಪೋರ್ಟಿಗೆ 2021ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿಂದ ವಿಮಾನ ಹಾರೋ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆಯ ಫೋನಲ್ಲೂ ಒಂದು ಸಂಖ್ಯೆ ಬರುತ್ತೆ. ಅದರ ಪಕ್ಕದ ಸಣ್ಣಕ್ಷರ ಓದೋ ರೂಢಿ ಈಗಲೇ ಬೆಳೀಲಿ.

"ಒಂದು ಕಡೆ" ಅನ್ನೋ ಆಟ

ಕಾಕಾ ಹೇಳಿದ ಮಾತಿಗೆ ಬರ್ತೀನಿ. ವಿಮಾನ ದರ ಯಾಕೆ ಯಾವಾಗಲೂ ಒಂದು ಕಡೆಯದೇ ಹೇಳ್ತಾರೆ? ಸಂಖ್ಯೆ ಅರ್ಧ ಆಗುತ್ತೆ, ಅಷ್ಟೇ. ದುಡಿಯೋಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಇರೋರಿಗೆ ಒಂದು ಕಡೆ ದರ ಸಾಕು. ಆಸ್ಪತ್ರೆ, ಇಂಟರ್‌ವ್ಯೂ, ಮದುವೆ ಅಂತ ಹೋಗೋರು ಮನೆಗೆ ವಾಪಸ್ ಬರಲೇಬೇಕು. ಬರೋ ದರ ಹೋಗೋ ದರದಷ್ಟೇ ಇರುತ್ತೆ ಅಂತ ನಮ್ಮ ಮನಸ್ಸು ತಾನೇ ಅಂದ್ಕೊಳ್ಳುತ್ತೆ. ಅದನ್ನ ಜಾಹೀರಾತು ಹೇಳಿರಲ್ಲ, ಆದ್ರೆ ನಾವು ಹಾಗೆ ಅಂದ್ಕೊಳ್ತೀವಿ ಅಂತ ಅದಕ್ಕೆ ಗೊತ್ತು.

ಅಮೆರಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿನ ಆಟ ಇತ್ತು. ಹೋಗಿ-ಬರೋ ಟಿಕೆಟ್ ತಗೊಂಡ್ರೆ ಮಾತ್ರ ಸಿಗೋ ದರವನ್ನ ಅರ್ಧ ಮಾಡಿ, ಒಂದು ಕಡೆಯ ದರದ ಹಾಗೆ ತೋರಿಸೋದು. ಬರೀ ಹೋಗೋಕೆ ಅಂತ ಕೇಳಿದ್ರೆ ಆ ದರಕ್ಕೆ ಸಿಗಲ್ಲ. ಅಲ್ಲಿನ ಸಾರಿಗೆ ಇಲಾಖೆ ನಿಯಮ ಮಾಡಿತು: ಅಂಥ ದರಕ್ಕೆ "ಒಂದು ಕಡೆ" ಅನ್ನಬಾರದು, "ಪ್ರತಿ ಕಡೆಗೆ" ಅನ್ನಬೇಕು, ಹೋಗಿ-ಬರೋ ಟಿಕೆಟ್ ಕಡ್ಡಾಯ ಅಂತ ಸ್ಪಷ್ಟವಾಗಿ ಹೇಳಬೇಕು. 2012ರ ಜನವರಿಯಿಂದ ತೆರಿಗೆ ಎಲ್ಲ ಸೇರಿದ ದರವನ್ನೇ ಜಾಹೀರಾತಲ್ಲಿ ತೋರಿಸಬೇಕು ಅನ್ನೋ ನಿಯಮವೂ ಜಾರಿಗೆ ಬಂತು. ಯುರೋಪಲ್ಲಿ ಇಂಥದ್ದೇ ನಿಯಮ 2008ರಲ್ಲೇ ಬಂದಿದೆ.

ನಮ್ಮ ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಕಾನೂನು ಇಲ್ಲ ಅಂದ್ಕೊಂಡಿದ್ದೆ. ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ಸುಳ್ಳು ಹೇಳೋದು ಮಾತ್ರ ಅಲ್ಲ, ಮುಖ್ಯವಾದ ಮಾಹಿತಿಯನ್ನ ಬೇಕಂತಲೇ ಮುಚ್ಚಿಡೋದೂ ದಾರಿ ತಪ್ಪಿಸುವ ಜಾಹೀರಾತೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ₹10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದ್ರೆ ₹50 ಲಕ್ಷದವರೆಗೆ.

2022ರ ಜೂನ್‌ನಲ್ಲಿ ಇದೇ ಪ್ರಾಧಿಕಾರ ಜಾಹೀರಾತುಗಳಿಗೆ ಮಾರ್ಗಸೂಚಿ ತಂತು. ಅದರಲ್ಲಿ ಗಾಳದ ಜಾಹೀರಾತಿನ ಬಗ್ಗೆ ಇದೆ. ಹೇಳಿದ ಬೆಲೆಗೆ ಮಾರೋ ನಿಜವಾದ ಸಾಧ್ಯತೆ ಇರಬೇಕು, ಮಾಲು ಕಡಿಮೆ ಇದ್ರೆ ಅದನ್ನ ಹೇಳಬೇಕು.

2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಬಂತು. ಆ್ಯಪ್‌ಗಳು ನಮ್ಮ ಬೆರಳನ್ನ ದಾರಿ ತಪ್ಪಿಸೋ 13 ತಂತ್ರಗಳ ಪಟ್ಟಿ. ಅದನ್ನ ಓದುವಾಗ ನನ್ನ ಐದು ಸ್ಕ್ರೀನ್ ಒಂದೊಂದಾಗಿ ನೆನಪಾದವು. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಫೀಸು ಹನಿಹನಿಯಾಗಿ ಸೇರಿಸೋದು, ಅದು ಡ್ರಿಪ್ ಪ್ರೈಸಿಂಗ್. ಕೇಳದೆ ವಿಮೆ ಸೇರಿಸೋದು, ಬಾಸ್ಕೆಟ್ ಸ್ನೀಕಿಂಗ್. ಇಲ್ಲದ ಅವಸರ ಹುಟ್ಟಿಸೋ ಗಡಿಯಾರ, ಫಾಲ್ಸ್ ಅರ್ಜೆನ್ಸಿ. "ಬಿಟ್ಟುಬಿಡಿ" ಬಟನ್ನನ್ನ ಬೂದು ಬಣ್ಣದಲ್ಲಿ ಅಡಗಿಸೋದು, ಇಂಟರ್‌ಫೇಸ್ ಇಂಟರ್‌ಫಿಯರೆನ್ಸ್. "ಬೇಡ, ಅಪಾಯ ಎದುರಿಸ್ತೀನಿ" ಅಂತ ನಮ್ಮ ಕೈಯಲ್ಲೇ ಒತ್ತಿಸಿ ನಾಚಿಕೆಪಡಿಸೋದು, ಕನ್ಫರ್ಮ್ ಶೇಮಿಂಗ್. ಇವಕ್ಕೆಲ್ಲ ಹೆಸರು ಇದೆ, ನಿಷೇಧ ಇದೆ. ನನಗೆ ಹೆಸರು ಗೊತ್ತಿರಲಿಲ್ಲ, ಅದಕ್ಕೆ ದೂರು ಕೊಡಬಹುದು ಅಂತಾನೂ ಹೊಳೀಲಿಲ್ಲ.

ಬುಕ್ ಮಾಡೋ ಮುಂಚೆ ಇಷ್ಟು ಮಾಡಿ

ಒಂದು: ಒಂದು ಹಾಳೆ ತಗೊಳ್ಳಿ, ಫೋನಿನ ನೋಟ್ಸ್ ಆದ್ರೂ ಸರಿ. ಮೇಲೆ "ಮನೆ", ಕೆಳಗೆ ಮತ್ತೆ "ಮನೆ" ಅಂತ ಬರೀರಿ. ನಡುವೆ ಬರೋ ಪ್ರತಿ ಖರ್ಚು ಬರೀರಿ: ಏರ್‌ಪೋರ್ಟಿಗೆ ಗಾಡಿ, ಟಿಕೆಟ್, ಅಲ್ಲಿಂದ ಊರೊಳಗೆ, ವಾಪಸ್ ಟಿಕೆಟ್, ವಾಪಸ್ ಗಾಡಿ. ಅದನ್ನ ಬಸ್ಸು, ರೈಲಿನ ಲೆಕ್ಕದ ಜೊತೆ ಹೋಲಿಸಿ. ವಿಜಯಪುರದ ಮೇಲೆ ಹೋಗೋ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಮಲಗಿಕೊಂಡೇ ಬೆಂಗಳೂರು ಮುಟ್ಟಬಹುದು. ಕಾಕೂಗೆ ಅದೇ ಆಗ್ತಿತ್ತು. ನಾನು ಆ ಲೆಕ್ಕ ಹಾಕಲೇ ಇಲ್ಲ.

ಎರಡು: ವಾಪಸ್ ದರ ಮೊದಲು ನೋಡಿ. ಬರೋ ದಿನ ಗೊತ್ತಿಲ್ಲದಿದ್ರೆ, ಇವತ್ತಿಗೆ ನಾಳೆಯ ಟಿಕೆಟ್ ಎಷ್ಟಿದೆ ಅಂತ ಹುಡುಕಿ. ನೀವು ಕೊನೇ ಗಳಿಗೆಯಲ್ಲಿ ಕೊಡಬೇಕಾಗೋ ದರದ ಅಂದಾಜು ಅದರಿಂದ ಸಿಗುತ್ತೆ.

ಮೂರು: ಆ್ಯಪ್‌ನಲ್ಲಿ ಹುಡುಕಿ, ಆಮೇಲೆ ವಿಮಾನ ಕಂಪನಿಯ ಸ್ವಂತ ವೆಬ್‌ಸೈಟಲ್ಲೂ ನೋಡಿ. ದುಡ್ಡು ಕಟ್ಟೋ ಕೊನೇ ಸ್ಕ್ರೀನ್‌ವರೆಗೆ ಹೋಗಿ ಎರಡೂ ಸಂಖ್ಯೆ ಹೋಲಿಸಿ.

ನಾಲ್ಕು: ಸೀಟಿಗೆ ದುಡ್ಡು ಕೊಡೋದು ಕಡ್ಡಾಯ ಅಲ್ಲ. ಇಂಥ ಹೆಚ್ಚುವರಿ ಸೇವೆ ನೀವು ಕೇಳಿದ್ರೆ ಮಾತ್ರ ಸೇರಿಸಬೇಕು ಅಂತ ಡಿಜಿಸಿಎ ನಿಯಮ ಇದೆ. ಸುಮ್ಮನಿದ್ರೆ ಚೆಕ್-ಇನ್‌ನಲ್ಲಿ ಯಾವುದಾದ್ರೂ ಒಂದು ಸೀಟು ಕೊಡ್ತಾರೆ.

ಐದು: ಅಗ್ಗದ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಒಂದು ಪೈಸೆಯೂ ಬರಲ್ಲ ಅಂತ ಬಿಟ್ಟುಬಿಡಬೇಡಿ. ಮೂಲ ದರ ಹೋದರೂ, ತೆರಿಗೆ ಮತ್ತು ಯುಡಿಎಫ್‌ನಂಥ ಶುಲ್ಕ ವಾಪಸ್ ಕೊಡಬೇಕು. ವಿಮಾನ ಹತ್ತದೇ ಉಳಿದವರಿಗೂ ಅದು ಅನ್ವಯ.

ಆರು: ಸ್ಕ್ರೀನ್‌ಶಾಟ್ ತೆಗೀರಿ. ಜಾಹೀರಾತಿನದು, ಮೊದಲ ದರದ್ದು, ಕೊನೇ ದರದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ನಾನು ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಬರೀ ₹10,344ರ ರಸೀದಿ. ಮೊದಲು ಎಷ್ಟು ತೋರಿಸಿದ್ರು ಅಂತ ಅದರಲ್ಲಿ ಎಲ್ಲಿರುತ್ತೆ?

ಕೊನೆಯದಾಗಿ

ಈ ಕಂತು ಕೇಳಿ ವಿಮಾನ ಹತ್ತಲೇಬೇಡಿ ಅಂತ ಅರ್ಥ ಮಾಡ್ಕೋಬೇಡಿ. ಮೋಡದ ಮೇಲೆ ಹೋಗುವಾಗ ಕಾಕೂ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ರು. "ನಮ್ಮ ಹೊಳಿ ಕಾಣ್ತೈತೇನೋ?" ಅಂತ ಕೇಳಿದ್ರು. ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಆದ್ರೆ ಟಿಕೆಟ್‌ಗೆ ಬೆಲೆ ಇದೆ, ಅದು ಪೂರ್ತಿ ಎಷ್ಟು ಅಂತ ದುಡ್ಡು ಕೊಡೋ ಮೊದಲೇ ತಿಳಿಯೋ ಹಕ್ಕು ತೊಗರಿ ಮಾರಿ ದುಡ್ಡು ತಂದವರಿಗೂ ಇದೆ.

ಕಾಕೂಗೆ ಮುಂದಿನ ತಪಾಸಣೆ ಹತ್ತಿರ ಬಂದಿದೆ. ಮೊನ್ನೆ ಕಾಕಾ ಮತ್ತೆ ಫೋನ್ ತಗೊಂಡು ಬಂದ್ರು. ಇನ್ನೊಂದು ಜಾಹೀರಾತು, ಇನ್ನೂ ದೊಡ್ಡ ಅಕ್ಷರ. ನಾನು ಬಾಯಿ ತೆಗೆಯೋ ಮೊದಲೇ ಅವರೇ ಕೇಳಿದ್ರು:

"ಇದು ಹೋಗೂದು. ಬರೂದು ಎಷ್ಟ್ ನೋಡು ಮೊದಲ."

ಮುಂದಿನ ವಾರ ಸಿಗೋಣ. ನಿಮಗೂ ಇಂಥ ಅನುಭವ ಆಗಿದ್ರೆ ವಾಯ್ಸ್ ನೋಟ್ ಕಳಿಸಿ, ಸ್ಕ್ರೀನ್‌ಶಾಟ್ ಮರೀಬೇಡಿ. ಬರ್ತೀನ್ರಿ.